ಎರಡು ಗ್ರಾಫ್ ಒಟ್ಟಿಗೆ ಜಿಗಿದವು ಅಂತ ಭೂಕಂಪದ ಮೆಸೇಜ್ ಹಾಕಬೇಡಿ

ಸಕಲೇಶಪುರದ ಕಡೆ ಮನೆಯಲ್ಲೇ ಕಂಪನಮಾಪಕ (ಜಿಯೋಫೋನ್), ಭೂಮಿಯ ಕಾಂತಕ್ಷೇತ್ರ ಅಳೆಯುವ ಮ್ಯಾಗ್ನೆಟೋಮೀಟರ್ ಇಟ್ಟುಕೊಂಡು ಗ್ರಾಫ್ ಹಂಚಿಕೊಳ್ಳುವ ನಮ್ಮ ಹವ್ಯಾಸಿ ಗುಂಪಿನಿಂದ ಫೆಬ್ರವರಿಯಲ್ಲಿ ಒಂದು ಅವಾಂತರ ಆಯಿತು. ರಾತ್ರಿ 10 ದಾಟಿದ ಕೂಡಲೇ, ಆರು ಕಿ.ಮೀ. ಅಂತರದ ಎರಡು ತೋಟಗಳಲ್ಲಿ ಜಿಯೋಫೋನ್ ಗೆರೆ ಒಮ್ಮೆಲೇ ದಪ್ಪಗಾಯಿತು. ಅದೇ ಕ್ಷಣಕ್ಕೆ ಎರಡೂ ಕಡೆ ಕಾಂತಕ್ಷೇತ್ರದ ಗೆರೆಯೂ ಕೆಳಕ್ಕೆ ಜಿಗಿಯಿತು. ಅವತ್ತು ಸೌರ ಬಿರುಗಾಳಿಯ (ಸೂರ್ಯನಿಂದ ಬಂದ ಕಣಗಳು ಭೂಮಿಯ ಕಾಂತಕ್ಷೇತ್ರವನ್ನು ಕಲಕುವುದು) ಮುನ್ಸೂಚನೆ ಬೇರೆ ಇತ್ತು. ಸಾಲದ್ದಕ್ಕೆ 2022ರ ಜೂನ್ 23ರ ಬೆಳಗಿನ ಜಾವ ಹೊಳೆನರಸೀಪುರದ ಕಡೆ ಆದ 3.4 ತೀವ್ರತೆಯ ಕಂಪನ ಜಿಲ್ಲೆಯಲ್ಲಿ ಯಾರಿಗೂ ಮರೆತಿಲ್ಲ. ‘ಸೂರ್ಯನ ಹೊಡೆತಕ್ಕೆ ನೆಲ ಅಲುಗಿದೆ, 48 ಗಂಟೆಯೊಳಗೆ ದೊಡ್ಡದು ಬರುತ್ತೆ’ ಎಂಬ ಮೆಸೇಜ್ ಹತ್ತೇ ನಿಮಿಷದಲ್ಲಿ ವಾಟ್ಸಾಪ್ ಹತ್ತಿತು. ತೋಟದ ಕೂಲಿಕಾರರ ಲೈನ್ ಮನೆಗಳ ಜನ ಮಕ್ಕಳುಮರಿ ಎತ್ತಿಕೊಂಡು ಆ ಚಳಿಯಲ್ಲಿ ಕಾಫಿ ಕಣದಲ್ಲೇ ರಾತ್ರಿ ಕಳೆದರು.

ಬಂದಿದ್ದು ತ್ರೀಫೇಸ್ ಕರೆಂಟು.

ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವ ದಿನಗಳು ಅವು. ಎರಡೂ ತೋಟ ಒಂದೇ ಫೀಡರ್ (ಕರೆಂಟು ಹಂಚುವ ಲೈನ್) ಮೇಲಿವೆ, ಎರಡರಲ್ಲೂ ಪಂಪಿಗೆ ಆಟೋ ಸ್ಟಾರ್ಟರ್ ಇದೆ. ಕರೆಂಟು ಬಂದ ಕೂಡಲೇ ಮೋಟಾರುಗಳು ಒಟ್ಟಿಗೆ ಎದ್ದವು. ಎರಡು ಕಡೆ ಒಂದೇ ಸಮಯ ಬಂತಲ್ಲ, ಅದನ್ನೇ ಎಲ್ಲರೂ ಸಾಕ್ಷಿ ಅಂದುಕೊಂಡರು. ನಿಜಕ್ಕೂ ಅದೇ ಅನುಮಾನ ಹುಟ್ಟಿಸಬೇಕಿತ್ತು. ನಮ್ಮ ಗಟ್ಟಿ ಕಲ್ಲಿನಲ್ಲಿ ಪಿ ಅಲೆ (ಭೂಕಂಪದಲ್ಲಿ ಮೊದಲು ತಲುಪುವ ಅಲೆ) ಸೆಕೆಂಡಿಗೆ ಸುಮಾರು 6 ಕಿ.ಮೀ. ಓಡುತ್ತದೆ, ಹತ್ತಿರದ ಕಂಪನವಾದರೆ ಆರು ಕಿ.ಮೀ. ಅಂತರಕ್ಕೆ ಒಂದು ಸೆಕೆಂಡಿನವರೆಗೂ ಹಿಂದುಮುಂದಾಗಬಹುದು. ಅದನ್ನು ನೋಡೋಣ ಅಂದರೆ ಗಡಿಯಾರವೇ ನೆಟ್ಟಗಿರಲಿಲ್ಲ. ರಾಸ್ಪ್‌ಬೆರಿ ಪೈ ಎಂಬ, ಸೆನ್ಸರಿನ ಅಂಕಿ ದಾಖಲಿಸುವ ಪುಟ್ಟ ಕಂಪ್ಯೂಟರಿನ ಹಳೆಯ ಮಾದರಿಗಳಲ್ಲಿ ಗಡಿಯಾರದ ಚಿಪ್ ಇಲ್ಲ. ಕರೆಂಟು ಹೋಗಿ ಬಂದರೆ, ನೆಟ್‌ವರ್ಕ್ ಸಿಗುವ ತನಕ ಅದು ಕೊನೆಗೆ ಉಳಿಸಿಟ್ಟ ಸಮಯದಿಂದಲೇ ಎಣಿಸುತ್ತಾ ಹೋಗುತ್ತದೆ. ನಮ್ಮ ತೋಟಗಳಲ್ಲಿ ಸಿಗ್ನಲ್ ಎಷ್ಟು ಸಿಗುತ್ತದೆ ಅಂತ ಹೇಳಬೇಕಾಗಿಲ್ಲ. ಸೆಕೆಂಡಿಗೊಮ್ಮೆ ನಿಖರ ಮಿಡಿತ ಕೊಡುವ ಪಿಪಿಎಸ್ ಪಿನ್ ಇರುವ ಜಿಪಿಎಸ್ ಮಾಡ್ಯೂಲ್ ಹಾಕದೆ ಎರಡು ಕೇಂದ್ರಗಳ ಸಮಯ ಹೋಲಿಸುವುದು ದಂಡ.

ಮೋಟಾರನ್ನು ಗುರುತಿಸುವುದು ಕಷ್ಟವಲ್ಲ. 1440 ಆರ್‌ಪಿಎಂ ಮೋಟಾರು ಅಂದರೆ ಸೆಕೆಂಡಿಗೆ 24 ಸುತ್ತು. ಯಾವ ಹೊತ್ತಿಗೆ ಯಾವ ವೇಗದ ಕಂಪನ ಇತ್ತೆಂದು ತೋರಿಸುವ ಸ್ಪೆಕ್ಟ್ರೋಗ್ರಾಮ್ ತೆರೆದರೆ 24 ಹರ್ಟ್ಸ್‌ನಲ್ಲಿ ದಾರ ಎಳೆದಂತೆ ಒಂದು ನೇರ ಗೆರೆ. ಕರೆಂಟು ಇರುವಷ್ಟು ಹೊತ್ತೂ ಅದೇ ಎತ್ತರ. ಭೂಕಂಪ ಹಾಗಿರುವುದಿಲ್ಲ. ಪಿ ಅಲೆಯ ಚೂಪಾದ ಆರಂಭ, ಸ್ವಲ್ಪ ಹೊತ್ತಿಗೆ ಅದಕ್ಕಿಂತ ದೊಡ್ಡ ಎಸ್ ಅಲೆ, ಆಮೇಲೆ ನಿಧಾನಕ್ಕೆ ಸಾಯುವ ಬಾಲ. ಪಿ ಮತ್ತು ಎಸ್ ನಡುವಿನ ಸೆಕೆಂಡುಗಳನ್ನು 8ರಿಂದ ಗುಣಿಸಿದರೆ ಕಂಪನ ಕೇಂದ್ರದ ದೂರ ಸುಮಾರಾಗಿ ಕಿ.ಮೀ.ನಲ್ಲಿ ಸಿಗುತ್ತದೆ. ಪಿ, ಎಸ್ ಎರಡೂ ಬೇರೆಬೇರೆಯಾಗಿ ಕಾಣದಿದ್ದರೆ ಬಾಯಿ ಮುಚ್ಚಿಕೊಂಡಿರಿ. ಕಲ್ಲುಕ್ವಾರಿಯ ಸಿಡಿತ ಮೋಟಾರಿಗಿಂತ ಹೆಚ್ಚು ಮೋಸ ಮಾಡುತ್ತದೆ. ಅದರಲ್ಲಿ ಪಿ ಚೆನ್ನಾಗಿ ಕಾಣುತ್ತದೆ, ಎಸ್ ಮಂಕು. ಆದರೆ ಸಿಡಿತ ಹಗಲು ಹೊತ್ತಿನದು, ದಿನವೂ ಹೆಚ್ಚುಕಡಿಮೆ ಅದೇ ಗಂಟೆಗೆ.

ಹಾಗಾದರೆ ಕಾಂತಕ್ಷೇತ್ರ ಯಾಕೆ ಜಿಗಿಯಿತು? ಎರಡೂ ಕಡೆ ಜಿಯೋಫೋನ್ ಬೋರ್ಡಿಗೂ ಮ್ಯಾಗ್ನೆಟೋಮೀಟರಿಗೂ ಒಂದೇ ಅಡಾಪ್ಟರ್. 15 ಎಚ್‌ಪಿ ಮೋಟಾರು ಏಳುವಾಗ ವೋಲ್ಟೇಜ್ ಕುಸಿಯಿತು, 5 ವೋಲ್ಟ್ ಇಳಿಯಿತು, ಸೆನ್ಸರ್ ಸುಳ್ಳು ಹೇಳಿತು. ಪೈ 4.63 ವೋಲ್ಟಿಗಿಂತ ಕೆಳಗೆ ಹೋದಾಗ ಲಾಗ್‌ನಲ್ಲಿ ಬರೆದಿಡುತ್ತದೆ. ಆ ರಾತ್ರಿಯ ಲಾಗ್‌ನಲ್ಲಿ ಗೆರೆ ಜಿಗಿದ ಅದೇ ಸೆಕೆಂಡಿನಲ್ಲಿ ಅದು ಇತ್ತು. ಯಾರೂ ತೆರೆದು ನೋಡಿರಲಿಲ್ಲ. 12 ವೋಲ್ಟ್ 7 ಆ್ಯಂಪ್-ಅವರ್ ಬ್ಯಾಟರಿ, ಒಂದು ಬಕ್ ಕನ್ವರ್ಟರ್ (12 ವೋಲ್ಟನ್ನು 5ಕ್ಕೆ ಇಳಿಸುವ ಬೋರ್ಡು) ಹಾಕಿ. 3 ವ್ಯಾಟ್ ಹೊರೆಗೆ, ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡದೆ, ಹನ್ನೆರಡು ಗಂಟೆಗೂ ಮೀರಿ ಬರುತ್ತದೆ.

ಇನ್ನೊಂದು ಕೊರತೆ ಆ ಸೆನ್ಸರಿನದೇ. ಡ್ರೋನ್‌ಗೆ ಹಾಕುವ ದಿಕ್ಸೂಚಿ ಚಿಪ್ ಎಚ್‌ಎಂಸಿ5883ಎಲ್‌ನ ಒಂದು ಅಂಕೆ (ಅದು ತೋರಿಸಬಲ್ಲ ಅತಿ ಸಣ್ಣ ಬದಲಾವಣೆ) ಎಂದರೆ, ಅತಿ ಸೂಕ್ಷ್ಮ ಸೆಟ್ಟಿಂಗ್‌ನಲ್ಲೂ, 73 ನ್ಯಾನೋಟೆಸ್ಲಾ (ಕಾಂತಕ್ಷೇತ್ರ ಅಳೆಯುವ ಮಾನ). ಅಗ್ಗಕ್ಕೆ ಸಿಗುವ ಎಷ್ಟೋ ಬೋರ್ಡುಗಳಲ್ಲಿ ಆ ಚಿಪ್ಪೂ ಇರುವುದಿಲ್ಲ, ಕ್ಯುಎಂಸಿ5883ಎಲ್ ಇರುತ್ತದೆ, ಪೈ ಅದನ್ನು ಕರೆಯುವ ವಿಳಾಸವೇ ಬೇರೆ. ನಮ್ಮ ಊರಿನಲ್ಲಿ ಸುಮಾರು 40,000 ನ್ಯಾನೋಟೆಸ್ಲಾ ಕ್ಷೇತ್ರದ ಮೇಲೆ ದಿನದ ಸಹಜ ಏರಿಳಿತ ಹತ್ತಾರು ಮಾತ್ರ. ಒಂದು ಅಂಕೆ ಮಿಣುಕಿದರೆ ಗ್ರಾಫ್‌ನಲ್ಲಿ ಬಿರುಗಾಳಿ! ಆರ್‌ಎಂ3100 ಎಂಬ ಸೆನ್ಸರ್ ಆದರೆ 13 ನ್ಯಾನೋಟೆಸ್ಲಾದಷ್ಟು ಸಣ್ಣದನ್ನು ತೋರಿಸಬಲ್ಲದು. ಹಾಗಂತ ಅದನ್ನು ಜೀಪು ನಿಲ್ಲಿಸುವ ಜಾಗದ ಪಕ್ಕ ಇಡಬೇಡಿ. ಹತ್ತು ಮೀಟರ್ ದೂರದ ಜೀಪೂ ಹತ್ತಾರು ನ್ಯಾನೋಟೆಸ್ಲಾ ಅಲ್ಲಾಡಿಸುತ್ತದೆ. ಪೈಪಿನೊಳಗಿಟ್ಟು ನೆಲದಲ್ಲಿ ಅರ್ಧ ಮೀಟರಾದರೂ ಆಳಕ್ಕೆ ಹೂಳಿ, ಇಲ್ಲದಿದ್ದರೆ ಬಿಸಿಲೇರಿದಂತೆ ಗೆರೆಯೂ ಏರುತ್ತದೆ. ಪೈಪಿನ ತಳಕ್ಕೆ ಎಂಡ್ ಕ್ಯಾಪ್ ಅಂಟಿಸದಿದ್ದರೆ ಜುಲೈನಲ್ಲಿ ಸೆನ್ಸರ್ ಈಜುತ್ತಿರುತ್ತದೆ.

ಕಾಂತಕ್ಷೇತ್ರದ ಗೆರೆ ಬೆಳಗ್ಗೆಯಿಂದ ಏರಿ ಮಧ್ಯಾಹ್ನದ ಹೊತ್ತಿಗೆ ತುದಿ ಮುಟ್ಟಿ ಇಳಿಯುವುದು ಬಿರುಗಾಳಿಯಲ್ಲ, ದಿನನಿತ್ಯದ್ದು. ನಿಜವಾದ ಬಿರುಗಾಳಿಯಲ್ಲಿ ಅದು ಗಂಟೆಗಟ್ಟಲೆ ಕುಸಿದು, ದಿನಗಟ್ಟಲೆ ಚೇತರಿಸಿಕೊಳ್ಳುತ್ತದೆ. ಮುಂಬೈ ಬಳಿಯ ಅಲಿಬಾಗ್ ವೀಕ್ಷಣಾಲಯದ ಗೆರೆಯಲ್ಲೂ ಅದು ಆ ಹೊತ್ತಿಗೇ ಕಾಣಬೇಕು. ಸೌರ ಬಿರುಗಾಳಿ ನೋಡಿ ಭೂಕಂಪದ ದಿನ ಹೇಳುವ ವಿಧಾನ ಜಗತ್ತಿನಲ್ಲಿ ಯಾರ ಬಳಿಯೂ ಇಲ್ಲ.

ಮುಳ್ಳಯ್ಯನಗಿರಿಯಿಂದ ತೆಗೆದ ಕೆಂಪು ಆಕಾಶದ ಫೋಟೋಗಳೂ ಅದೇ ರಾತ್ರಿ ಓಡಾಡಿದವು. 2024ರ ಮೇನಲ್ಲಿ ಎರಡು ದಶಕಗಳಲ್ಲೇ ದೊಡ್ಡ ಸೌರ ಬಿರುಗಾಳಿ ಬಂದಾಗ ಭಾರತದಲ್ಲಿ ಅದರಿಂದಾದ ಆಕಾಶದ ಕೆಂಪು (ಅರೋರಾ) ಕಂಡಿದ್ದು ಲಡಾಖಿನ ಹಾನ್ಲೆಯಲ್ಲಿ, ಹೆಚ್ಚುಕಡಿಮೆ 33 ಡಿಗ್ರಿ ಉತ್ತರದಲ್ಲಿ. ನಾವಿರುವುದು 13ರಲ್ಲಿ. ಫೆಬ್ರವರಿಯಲ್ಲಿ ಗಿರಿಯ ಕೆಂಪು ಅಂದರೆ ಮೊದಲು ಹುಲ್ಲಿಗೆ ಬಿದ್ದ ಬೆಂಕಿ ಅಂದುಕೊಳ್ಳಿ.

ಜಿಯೋಫೋನ್ ಇಡುವವರಿಗೆ: ಮಹಡಿ ಬೇಡ, ಸಿಲ್ವರ್ ಓಕ್ ಬುಡ ಬೇಡ, ಗಾಳಿಗೆ ಮರ ತೂಗಿದ್ದೂ ದಾಖಲಾಗುತ್ತದೆ. ಮಟ್ಟಗೋಲು ಇಟ್ಟು ನೇರ ಮಾಡಿ. ಆನೆ ತಡೆಯಲು ಶಾಕ್ ಕೊಡುವ ಐಬೆಕ್ಸ್ ಬೇಲಿಯ ತಂತಿಯ ಜೊತೆಜೊತೆಗೆ ಕೇಬಲ್ ಎಳೆಯಬೇಡಿ. ಸೆಕೆಂಡಿಗೊಮ್ಮೆ ಮುಳ್ಳು ಎದ್ದರೆ ಅದು ಬೇಲಿಯದು. ಏನೇ ಕಂಡರೂ ಬೇರೆ ಫೀಡರಿನ ಮೂರನೇ ಕೇಂದ್ರ ನೋಡಿ, ರಾಷ್ಟ್ರೀಯ ಭೂಕಂಪ ಕೇಂದ್ರದ ಭೂಕಂಪ್ ಆ್ಯಪ್ ನೋಡಿ. ಫೆಬ್ರವರಿಯಲ್ಲಿ ಗಾಬರಿ ಹುಟ್ಟಿಸಿದ ಆ ಎರಡು ಉಪಕರಣದ ಪೆಟ್ಟಿಗೆಗಳಲ್ಲಿ ಒಂದು ಇನ್ನೂ ಪಂಪ್‌ಹೌಸಿನ ಹಿಂದೆಯೇ ಇದೆ. ಜಾಗ ಬದಲಾಗುವ ತನಕ ಅದರ ಗ್ರಾಫ್ ಬಂದರೆ ಫಾರ್ವರ್ಡ್ ಮಾಡಬೇಡಿ.