ಆರು ವರ್ಷ ಓಡಿಸಿದ ಎಂ1ಟಿಆರ್ ಮಿಲ್ಲಿಂಗ್ ಮಷಿನ್: ಪ್ಲೇ (ಸಡಿಲ) ಎಲ್ಲಿದೆ ಅಂತ ಮೊದಲು ನೋಡಿ

ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಜಾಬ್‌ವರ್ಕ್ ಶೆಡ್. ಆರು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್‌ನಲ್ಲಿ ಎಂ1ಟಿಆರ್ ಅನ್ನುವ ಮಾದರಿಯ, ತಿರುಗುವ ಕಟರ್‌ನಿಂದ ಲೋಹ ಕೊರೆಯುವ ಮಿಲ್ಲಿಂಗ್ ಮಷಿನ್ ತಂದೆ. ಕೀವೇ, ಸ್ಲಾಟ್, ಫಿಕ್ಸ್ಚರ್ ಪ್ಲೇಟು ಅಂತ ದಿನಾ ಓಡುತ್ತದೆ. ಐದಕ್ಕೆ ನಾಲ್ಕು ಅಂಕ.

ತಂದ ಹೊಸದರಲ್ಲಿ ಟೇಬಲ್ ಹ್ಯಾಂಡಲ್ ಹಿಂದಕ್ಕೆ ತಿರುಗಿಸಿದರೆ ಅದರ ಸ್ಕೇಲಿನ ಹನ್ನೆರಡು ಗೆರೆ, ಟೇಬಲ್ ಅಲುಗದೆ, ಖಾಲಿ ಓಡುತ್ತಿತ್ತು. ನಮ್ಮದರಲ್ಲಿ ಒಂದು ಗೆರೆ 0.05 ಮಿ.ಮೀ. ಅಲ್ಲಿಗೆ 0.6 ಮಿ.ಮೀ. ಪ್ಲೇ! ಕರೆಸಿದ ಮೆಕ್ಯಾನಿಕ್ ಜಿಬ್ (ಸ್ಲೈಡ್, ಅಂದರೆ ಟೇಬಲ್ ಜಾರುವ ಹಾದಿ, ಅದರ ಸಂದು ತುಂಬುವ ಓರೆ ಪಟ್ಟಿ) ಸ್ಕ್ರೂ ಬಿಗಿದು, ದುಡ್ಡು ತಗೊಂಡು ಹೋದರು. ಹ್ಯಾಂಡಲ್ ಗಟ್ಟಿಯಾಯಿತು, ಹನ್ನೆರಡು ಗೆರೆ ಮಾತ್ರ ಹಾಗೇ ಇತ್ತು. ಇರದೆ ಇನ್ನೇನು? ಸವೆದದ್ದು ಹ್ಯಾಂಡಲ್ ತಿರುಗಿಸಿದಾಗ ಟೇಬಲನ್ನು ಜರುಗಿಸುವ ಲೀಡ್ ಸ್ಕ್ರೂ ನಟ್. ಜಿಬ್ ತಡೆಯುವುದು ಸ್ಲೈಡ್‌ನ ಅಡ್ಡ ಅಲುಗಾಟವನ್ನು. ಎರಡೂ ಬೇರೆ ಬೇರೆ ಕಾಯಿಲೆ. ಹೊಸ ನಟ್ ಹಾಕಿಸಿದ ಮೇಲೆ ಮೂರು ಗೆರೆಗೆ ಇಳಿಯಿತು, ನನಗೆ ಅಷ್ಟು ಸಾಕು. ಕ್ಲೈಂಬ್ ಮಿಲ್ಲಿಂಗ್ (ಕಟರ್ ತಿರುಗುವ ದಿಕ್ಕಿಗೇ ಟೇಬಲ್ ಓಡಿಸುವುದು) ಮಾತ್ರ ಈಗಲೂ ಫಿನಿಶಿಂಗ್ ಕಟ್‌ಗಷ್ಟೇ. ದಪ್ಪ ಕಟ್ ಕೊಟ್ಟರೆ ಕಟರ್ ಟೇಬಲನ್ನೇ ಎಳೆದುಕೊಳ್ಳುತ್ತದೆ, ಎಂಡ್‌ಮಿಲ್ ಕಟರ್ ಪಟ್ ಅಂತ ಮುರಿದುಹೋಗುತ್ತದೆ.

ಜಿಬ್ ಈಗ ನಾನೇ ಮಾಡಿಕೊಳ್ಳುತ್ತೇನೆ. ಸ್ಲೈಡ್ ಒರೆಸಿ ಎಣ್ಣೆ ಬಿಟ್ಟು, ಸ್ಯಾಡಲ್ (ಟೇಬಲ್ ಕೂತಿರುವ ಕೆಳಗಿನ ಭಾಗ) ಲಾಕ್ ಮಾಡಿ, ಟೇಬಲ್ ತುದಿಗೆ ಡಯಲ್ ಗೇಜ್ ಇಟ್ಟು ಕೈಯಲ್ಲಿ ಅಡ್ಡಡ್ಡ ಅಲುಗಾಡಿಸುತ್ತೇನೆ. ಮುಳ್ಳು 0.03 ಮಿ.ಮೀ. ದಾಟಿದರೆ ಜಿಬ್‌ನ ಸಣ್ಣ ತುದಿಯ ಸ್ಕ್ರೂ ಸಡಿಲಿಸಿ, ದಪ್ಪ ತುದಿಯದನ್ನು ಕಾಲು ಸುತ್ತು ಒಳಗೆ ಕೊಡುತ್ತೇನೆ. ಆಮೇಲೆ ಟೇಬಲನ್ನು ಆ ತುದಿಯಿಂದ ಈ ತುದಿಗೆ ಓಡಿಸಿ ನೋಡಬೇಕು. ಕೈಗೆ ಒಂದೇ ಸಮ ಸಿಕ್ಕಿದರೆ ಸಣ್ಣ ತುದಿಯ ಸ್ಕ್ರೂ ತಾಗಿಸಿ ಬಿಟ್ಟುಬಿಡುತ್ತೇನೆ. ಅದನ್ನು ಬಿಗಿಯಲು ಹೋದರೆ ಜಿಬ್ ಮತ್ತೆ ವಾಪಸ್ ಜರುಗುತ್ತದೆ.

ಎಣ್ಣೆ ವಿಷಯದಲ್ಲಿ ತಪ್ಪು ನನ್ನದೇ. ಒಂದು ವರ್ಷ ಹೈಡ್ರಾಲಿಕ್ ಎಣ್ಣೆಯನ್ನೇ ಸುರಿದೆ. ನಿಧಾನ ಫೀಡ್‌ನಲ್ಲಿ ಟೇಬಲ್ ತಡೆದು ತಡೆದು ಜಿಗಿಯುತ್ತಿತ್ತು. ಸ್ಲೈಡ್‌ವೇ ಎಣ್ಣೆ 68 ಹಾಕಿದ ಮೇಲೆ ನಿಂತಿತು. ಪಂಪ್ ಎಳೆದ ಮಾತ್ರಕ್ಕೆ ಎಣ್ಣೆ ಎಲ್ಲಾ ಕಡೆ ಹೋಯಿತು ಅಂದುಕೊಳ್ಳಬೇಡಿ. ನಮ್ಮಲ್ಲಿ ಸ್ಯಾಡಲ್‌ಗೆ ಹೋಗುವ ಮೀಟರಿಂಗ್ ಯೂನಿಟ್ (ಅಳತೆಯಷ್ಟು ಎಣ್ಣೆ ಬಿಡುವ ಭಾಗ) ಕಟ್ಟಿಕೊಂಡು ಒಂದು ಸ್ಲೈಡ್ ಎಷ್ಟು ದಿನ ಒಣಗಿತ್ತೋ! ಈಗ ಪ್ರತಿ ಆಯುಧಪೂಜೆಗೆ ಮುಂಚೆ ವೈಪರ್ (ಸ್ಲೈಡ್ ಒಳಗೆ ಕಸ ಹೋಗದಂತೆ ಒರೆಸುವ ಪಟ್ಟಿ) ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಎಣ್ಣೆ ಎಲ್ಲೆಲ್ಲಿ ಬರುತ್ತಿದೆ ಅಂತ ನೋಡುತ್ತೇನೆ. ಕುಂಕುಮ ಇಡುವುದು ಹೆಡ್‌ಗೆ ಮಾತ್ರ, ಸ್ಲೈಡ್ ಮೇಲೆ ಯಾರಿಗೂ ಇಡಲು ಬಿಡುವುದಿಲ್ಲ. ಹುಡುಗರಿಗೆ ಸ್ವಲ್ಪ ಬೇಜಾರು. ಏರ್ ಗನ್‌ನಲ್ಲಿ ಚಿಪ್ಸ್ (ಲೋಹದ ಚೂರು) ಊದುವುದಕ್ಕೂ ಅದೇ ಕಟ್ಟಳೆ. ಬ್ರಷ್ ಹಿಡಿಯಿರಿ ಅಂತ ದಿನಾ ಹೇಳಬೇಕು.

ಒಂದು ಅಂಕ ಹೋದದ್ದು ಟೇಬಲ್ ನಡುವಿನ ಸವೆತಕ್ಕೆ. ವರ್ಷಗಟ್ಟಲೆ ವೈಸ್ (ಜಾಬ್ ಹಿಡಿಯುವ ಇಕ್ಕಳ) ಅಲ್ಲೇ ಇತ್ತಲ್ವಾ, ಸ್ಲೈಡ್ ಅಲ್ಲೇ ತಿಂದಿದೆ. ನಡುವಿಗೆ ಜಿಬ್ ಕೂರಿಸಿದರೆ ತುದಿಗಳಲ್ಲಿ ಹಿಡಿಯುತ್ತದೆ. ಸ್ಕ್ರೇಪಿಂಗ್ (ಸ್ಲೈಡ್ ಕೆರೆದು ಮಟ್ಟ ಮಾಡುವುದು) ಮಾಡಿಸಬೇಕು, ಆದರೆ ಮಷಿನ್ ನಿಲ್ಲಿಸುವಷ್ಟು ಪುರುಸೊತ್ತಿಲ್ಲ. ಸದ್ಯಕ್ಕೆ ತುದಿಗಳಿಗೆ ಸರಿಯಾಗಿ ಜಿಬ್ ಇಟ್ಟು, ವೈಸನ್ನು ಒಂದಷ್ಟು ಎಡಕ್ಕೆ ಕಟ್ಟಿಕೊಂಡಿದ್ದೇನೆ.