ಜ್ವರದ ದಿನಗಳಿಗೆ ಕೀಟೋನ್ ಪಟ್ಟಿ: ಒಂದೂವರೆ ವರ್ಷದ ಬಳಕೆಯ ಅನುಭವ

ದೇಹ ಕೊಬ್ಬನ್ನು ಕರಗಿಸಿದಾಗ ಹುಟ್ಟುವ ಕೀಟೋನ್ ಎಂಬ ಅಂಶ ಮೂತ್ರದಲ್ಲಿ ಎಷ್ಟಿದೆಯೆಂದು ಬಣ್ಣದಿಂದ ತೋರಿಸುವ 50 ಪಟ್ಟಿಗಳ ಡಬ್ಬಿಯನ್ನು ನಾವು ಒಂದೂವರೆ ವರ್ಷದಿಂದ ಬಳಸುತ್ತಿದ್ದೇವೆ. ಈಗ ಮನೆಯಲ್ಲಿರುವುದು ಮೂರನೆಯ ಡಬ್ಬಿ. ನನ್ನ ಮಗಳಿಗೆ 11 ವರ್ಷ, ಟೈಪ್ 1 ಮಧುಮೇಹ ಪತ್ತೆಯಾಗಿ ನಾಲ್ಕು ವರ್ಷಗಳಾದವು. ಗ್ಲುಕೋಮೀಟರ್ ಇದ್ದ ಮೇಲೆ ಇದೇಕೆ ಎಂದು ಮೊದಮೊದಲು ನನಗೂ ಅನ್ನಿಸಿತ್ತು. ಕಳೆದ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂದ ರಾತ್ರಿಯ ನಂತರ ಆ ಪ್ರಶ್ನೆ ಉಳಿಯಲಿಲ್ಲ.

ಅಂದು ಸಂಜೆಯಿಂದ ಅವಳು ಎರಡು ಸಲ ವಾಂತಿ ಮಾಡಿಕೊಂಡಿದ್ದಳು, ಅರ್ಧ ಲೋಟ ಗಂಜಿಯೂ ಹೊಟ್ಟೆಯಲ್ಲಿ ನಿಂತಿರಲಿಲ್ಲ. "ಮಗು ಹೊಟ್ಟೆಗೆ ಏನೂ ಹೋಗಿಲ್ಲ ಕಣೋ, ಇವತ್ತೊಂದು ದಿನ ಇಂಜೆಕ್ಷನ್ ಬೇಡ" ಎಂದು ಅಮ್ಮ ಹೇಳಿದಾಗ ಅದು ಸರಿಯೆಂದೇ ತೋರಿತು, ಏಕೆಂದರೆ ಊಟವಿಲ್ಲದಿದ್ದರೆ ಶುಗರ್ ಇಳಿಯುತ್ತದೆ ಎಂಬುದೇ ನಮ್ಮೆಲ್ಲರ ಲೆಕ್ಕ. ಆದರೆ ಮೀಟರ್ 286 ತೋರಿಸಿತು. ಜ್ವರದಲ್ಲಿ ದೇಹವು ಕಾರ್ಟಿಸಾಲ್, ಅಡ್ರಿನಲಿನ್‌ನಂತಹ ಹಾರ್ಮೋನುಗಳನ್ನು ಹೆಚ್ಚು ಸುರಿಸುವುದರಿಂದ ಯಕೃತ್ತು ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ, ಇನ್ಸುಲಿನ್ನಿನ ಕೆಲಸವೂ ಮಂದವಾಗುತ್ತದೆ. ಇನ್ಸುಲಿನ್ ಸಾಲದೆ ಹೋದಾಗ ದೇಹ ಕೊಬ್ಬನ್ನು ಕರಗಿಸತೊಡಗುತ್ತದೆ, ಅದರಿಂದ ಹುಟ್ಟುವ ಕೀಟೋನ್‌ಗಳು ಮಿತಿ ಮೀರಿದರೆ ರಕ್ತ ಆಮ್ಲೀಯವಾಗಿ ಪ್ರಾಣಕ್ಕೇ ಕುತ್ತು ಬರುತ್ತದೆ. ಪಟ್ಟಿಯನ್ನು ಅದ್ದಿದೆ. ಅದು ಡಬ್ಬಿಯ ಮೇಲೆ "ಮಧ್ಯಮ" ಎಂದು ಗುರುತಿಸಿದ 40ರ ಚೌಕದ ಬಣ್ಣಕ್ಕೆ ತಿರುಗಿತು.

ಈ ಎರಡು ಅಂಕಿಗಳನ್ನು ಫೋನಿನಲ್ಲಿ ಹೇಳಿದೊಡನೆ ವೈದ್ಯರು ಖಚಿತವಾಗಿ ಮಾತನಾಡಿದರು. ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ನನ್ನು ಯಾವ ಕಾರಣಕ್ಕೂ ತಪ್ಪಿಸಬಾರದು, ಬೇಗ ಕೆಲಸ ಮಾಡುವ ಇನ್ಸುಲಿನ್ನನ್ನು ಇಷ್ಟು ಹೆಚ್ಚುವರಿಯಾಗಿ ಕೊಡಬೇಕು, ಗುಟುಕು ಗುಟುಕಾಗಿ ನೀರು ಕುಡಿಸುತ್ತಿರಬೇಕು, ಎರಡು ಗಂಟೆಗೊಮ್ಮೆ ಶುಗರ್ ಮತ್ತು ಕೀಟೋನ್ ಎರಡನ್ನೂ ನೋಡಬೇಕು, ಇನ್ನೊಮ್ಮೆ ವಾಂತಿಯಾದರೆ ನೇರವಾಗಿ ಆಸ್ಪತ್ರೆಗೆ ಹೊರಡಬೇಕು ಎಂದರು. ಅವರು ಹೇಳಿದ ಡೋಸ್ ನನ್ನ ಮಗಳ ತೂಕಕ್ಕೆ, ಅವಳ ದಿನದ ಇನ್ಸುಲಿನ್ ಲೆಕ್ಕಕ್ಕೆ ಹೊಂದಿದ್ದು. ಆದ್ದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಶುಗರ್ 178ಕ್ಕೆ ಇಳಿದಿತ್ತು, ಅವಳು ನಿದ್ದೆ ಹೋಗಿದ್ದಳು.

ಬಳಸುವುದು ಸುಲಭ. ಪಟ್ಟಿಯ ತುದಿಯನ್ನು ಅದ್ದಿ, ಹೆಚ್ಚಿನ ಹನಿಯನ್ನು ಅಂಚಿಗೆ ಒರೆಸಿ, ಸರಿಯಾಗಿ 15 ಸೆಕೆಂಡ್ ಆದಾಗ ಡಬ್ಬಿಯ ಮೇಲಿನ ಬಣ್ಣಗಳಿಗೆ ಹೋಲಿಸಬೇಕು. ಬೇರೆ ಡಬ್ಬಿಗಳಲ್ಲಿ ಈ ಹೊತ್ತು ಬೇರೆ ಇರಬಹುದಾದ್ದರಿಂದ ಮೊದಲೇ ಓದಿಕೊಳ್ಳಬೇಕು. ತಡವಾಗಿ ನೋಡಿದರೆ ಬಣ್ಣ ಇನ್ನಷ್ಟು ಗಾಢವಾಗಿ ಅನಗತ್ಯ ಗಾಬರಿಯಾಗುತ್ತದೆ. ಮಂದ ಬೆಳಕಿನಲ್ಲಿ ನಸುಗುಲಾಬಿಗೂ ತಿಳಿನೇರಳೆಗೂ ವ್ಯತ್ಯಾಸ ಕಾಣುವುದಿಲ್ಲ. ನಾನು ಟ್ಯೂಬ್‌ಲೈಟಿನ ಕೆಳಗೆ ನಿಂತೇ ನೋಡುತ್ತೇನೆ. ಇದರ ದೊಡ್ಡ ಶತ್ರು ತೇವ. ನಮ್ಮದು ತೀರ್ಥಹಳ್ಳಿ, ಮಳೆಗಾಲದಲ್ಲಿ ಉಪ್ಪು ಕೂಡ ನೀರೊಡೆಯುವ ಊರು. ಮೊದಲ ಡಬ್ಬಿಯನ್ನು ಬಚ್ಚಲುಮನೆಯ ಗೂಡಿನಲ್ಲಿಟ್ಟಿದ್ದೆ. ಎರಡೇ ತಿಂಗಳಲ್ಲಿ ಪಟ್ಟಿಗಳ ತುದಿ ಅದ್ದುವ ಮೊದಲೇ ಕಂದುಬಣ್ಣಕ್ಕೆ ತಿರುಗಿತ್ತು. ಹಾಗೆ ಕೆಟ್ಟ ಪಟ್ಟಿ ಕೀಟೋನ್ ಇದ್ದರೂ ಇಲ್ಲವೆಂದು ತೋರಿಸಬಹುದು. ಈಗ ಮಲಗುವ ಕೋಣೆಯ ಕಪಾಟಿನಲ್ಲಿ, ಮುಚ್ಚಳ ಬಿಗಿದು, ಒಳಗಿನ ತೇವ ಹೀರುವ ಪೊಟ್ಟಣವನ್ನು ತೆಗೆಯದೆ ಇಟ್ಟಿದ್ದೇನೆ.

ಕೊರತೆಯನ್ನೂ ಹೇಳಬೇಕು. ಪಟ್ಟಿ ಗುರುತಿಸುವುದು ಅಸಿಟೋ ಅಸಿಟೇಟ್ ಎಂಬ ಕೀಟೋನನ್ನು. ಅಪಾಯದ ಸ್ಥಿತಿಯಲ್ಲಿ ರಕ್ತದಲ್ಲಿ ಹೆಚ್ಚಾಗುವ ಬೀಟಾ ಹೈಡ್ರಾಕ್ಸಿ ಬ್ಯುಟಿರೇಟ್ ಅದಕ್ಕೆ ಕಾಣಿಸುವುದಿಲ್ಲ. ಮೂತ್ರವೆಂದರೆ ಕಳೆದ ಕೆಲವು ಗಂಟೆಗಳ ಲೆಕ್ಕವೇ ಹೊರತು ಈ ಕ್ಷಣದ್ದಲ್ಲ, ಆದ್ದರಿಂದ ಮಗು ಚೇತರಿಸಿಕೊಳ್ಳುತ್ತಿರುವಾಗಲೂ ಬಣ್ಣ ಗಾಢವಾಗಿಯೇ ಉಳಿಯಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ನೀರಿನಂಶ ಕಡಿಮೆಯಾದ ಮಗುವಿಗೆ ಬೇಕೆಂದಾಗ ಮೂತ್ರವೇ ಬರುವುದಿಲ್ಲ. ಅಂದು ರಾತ್ರಿ ನಾವು ಮುಕ್ಕಾಲು ಗಂಟೆ ಕಾದಿದ್ದೆವು. ಬೆರಳಿನ ರಕ್ತದಿಂದಲೇ ಕೀಟೋನ್ ಅಳೆಯುವ ಮೀಟರ್ ಈ ದೃಷ್ಟಿಯಿಂದ ಮೇಲು: ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿ 0.6ಕ್ಕಿಂತ ಕಡಿಮೆಯಿದ್ದರೆ ನಿಶ್ಚಿಂತೆ, 1.5 ದಾಟಿದರೆ ಕೂಡಲೇ ವೈದ್ಯರಿಗೆ ಫೋನ್, 3 ಮುಟ್ಟಿದರೆ ಆಸ್ಪತ್ರೆ ಎಂದು ಅಂಕಿಯೇ ದಾರಿ ಹೇಳುತ್ತದೆ. ಆದರೆ ಅದರ ಸ್ಟ್ರಿಪ್‌ಗಳು ಬಹಳ ದುಬಾರಿ, ನಮ್ಮ ಊರಿನ ಔಷಧ ಅಂಗಡಿಗೆ ಶಿವಮೊಗ್ಗದಿಂದ ತರಿಸಿಕೊಳ್ಳಬೇಕು. ಕೊಳ್ಳುವ ಶಕ್ತಿಯಿರುವವರು ಅದನ್ನೇ ಕೊಳ್ಳಲಿ ಎನ್ನುತ್ತೇನೆ. ಇಲ್ಲದವರ ಮನೆಯಲ್ಲಿ ಈ ಡಬ್ಬಿಯಾದರೂ ಇರಲೇಬೇಕು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಧುಮೇಹದ ಮಾತ್ರೆ ನುಂಗುವ ದೊಡ್ಡವರಿಗೂ ಇದು ಉಪಯುಕ್ತ, ಏಕೆಂದರೆ ಅವರಲ್ಲಿ ಶುಗರ್ ಅಷ್ಟೇನೂ ಏರದೆಯೇ ಕೀಟೋನ್ ಏರಬಹುದು. ಜ್ವರ, ವಾಂತಿಯ ದಿನಗಳಲ್ಲಿ ಆ ಮಾತ್ರೆಯನ್ನು ನಿಲ್ಲಿಸಬೇಕೇ ಎಂದು ತಮ್ಮ ವೈದ್ಯರನ್ನು ಮುಂಚಿತವಾಗಿಯೇ ಕೇಳಿಟ್ಟುಕೊಳ್ಳಬೇಕು.

ನನ್ನ ನಿಜವಾದ ಬೇಸರ ಡಬ್ಬಿಯೊಳಗಿನ ಚೀಟಿಯ ಬಗ್ಗೆ. ಅದು ಬಣ್ಣದ ಹೆಸರು ಹೇಳುತ್ತದೆ, ಆ ಬಣ್ಣ ಬಂದರೆ ಏನು ಮಾಡಬೇಕೆಂದು ಹೇಳುವುದಿಲ್ಲ. ಕನ್ನಡದಲ್ಲಂತೂ ಒಂದು ಸಾಲೂ ಇಲ್ಲ. ಹಾಗಾಗಿ ವೈದ್ಯರಿಂದ ಕೇಳಿ ಬರೆದ ಹಾಳೆಯೊಂದನ್ನು ಕಪಾಟಿನ ಬಾಗಿಲಿಗೆ ಅಂಟಿಸಿದ್ದೇನೆ. ಶುಗರ್ 250 ದಾಟಿದರೆ ಅಥವಾ ವಾಂತಿಯಾದರೆ ಪಟ್ಟಿ ಅದ್ದಬೇಕು. ಶುಗರ್ ಕಡಿಮೆಯಿದ್ದು ಕೀಟೋನ್ ಇದ್ದರೆ ಹೆಚ್ಚುವರಿ ಇನ್ಸುಲಿನ್ ಕೊಡದೆ ಸಕ್ಕರೆ ಹಾಕಿದ ನಿಂಬೆ ಶರಬತ್ತನ್ನೋ ಓಆರ್‌ಎಸ್ ನೀರನ್ನೋ ಕುಡಿಸುತ್ತ ವೈದ್ಯರಿಗೆ ಫೋನ್ ಮಾಡಬೇಕು. ಉಸಿರು ಆಳವಾಗಿ ವೇಗವಾದರೆ, ಹೊಟ್ಟೆನೋವು ಬಂದರೆ, ಮಂಪರು ಕವಿದರೆ ಯಾವ ಅಂಕಿಗೂ ಕಾಯದೆ ಹೊರಡಬೇಕು. ಅಮ್ಮನಿಗೆ ಓದಲು ಅನುಕೂಲವಾಗಲೆಂದು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ತೆರೆದ ಆರು ತಿಂಗಳ ಬಳಿಕ ಪಟ್ಟಿಗಳನ್ನು ಬಳಸಬಾರದೆಂದು ಡಬ್ಬಿಯೇ ಹೇಳುವುದರಿಂದ, ಮೂರನೆಯ ಡಬ್ಬಿಯನ್ನು ತೆರೆದ ದಿನಾಂಕವನ್ನು ಅದರ ಮುಚ್ಚಳದ ಮೇಲೆ ಮಗಳೇ ಮಾರ್ಕರಿನಲ್ಲಿ ಬರೆದಿದ್ದಾಳೆ.