ಇನ್, ಆನ್, ಆಟ್: ಖಾಲಿ ಜಾಗಕ್ಕೆ ಯಾವುದು?

ಮಗಳ ಇಂಗ್ಲಿಷ್ ಗ್ರಾಮರ್ ಅಭ್ಯಾಸದಲ್ಲಿ ಈ ಮೂರೂ ಕಲಸುಮೇಲೋಗರ ಆಗುತ್ತಿವೆ ಎಂದು ಕೇಳಿದ್ದೀರಿ. ಅವಳನ್ನು ಬೈಯಬೇಡಿ. ಪೆಟ್ಟಿಗೆಯಲ್ಲಿ, ಗೋಡೆಯಲ್ಲಿ, ಬಾಗಿಲಲ್ಲಿ ಎಂದು ನಮ್ಮ ‘ಅಲ್ಲಿ’ ಒಂದೇ ಮೂರೂ ಕೆಲಸ ಮಾಡಿಬಿಡುತ್ತದೆ, ಅಲ್ವಾ?

ಮೊದಲು ಜಾಗ. ಒಳಗೆ ಇದ್ದರೆ ಇನ್: ಇನ್ ದ ಬಾಕ್ಸ್, ಇನ್ ಮೈಸೂರು. ಮೇಲ್ಮೈಗೆ ತಾಗಿಕೊಂಡಿದ್ದರೆ ಆನ್. ಗೋಡೆಯ ಕ್ಯಾಲೆಂಡರಿಗೂ ಆನ್, ಛಾವಣಿಗೆ ಅಂಟಿದ ಹಲ್ಲಿಗೂ ಆನ್. ಹಾಗಾಗಿ ‘ಆನ್ ಅಂದರೆ ಮೇಲೆ’ ಎಂದು ಸುಮ್ನೆ ಬಾಯಿಪಾಠ ಮಾಡಿಸಬೇಡಿ. ಹಲ್ಲಿ ಇರುವುದು ಛಾವಣಿಯ ಕೆಳಗೆ! ನಕ್ಷೆಯಲ್ಲಿ ಚುಕ್ಕಿ ಇಟ್ಟು ತೋರಿಸುವಂಥ ಜಾಗಕ್ಕೆ ಆಟ್: ಆಟ್ ದ ಬಸ್ ಸ್ಟಾಪ್.

ಸಮಯ ಸುಲಭ. ಗಂಟೆಗೆ ಆಟ್, ವಾರದ ದಿನ ಮತ್ತು ತಾರೀಕಿಗೆ ಆನ್, ತಿಂಗಳು ಮತ್ತು ವರ್ಷಕ್ಕೆ ಇನ್. ಪರೀಕ್ಷೆಯಲ್ಲಿ ಜಾಸ್ತಿ ಎಡವಿಸುವುದು ಇದು: ಇನ್ ದ ಮಾರ್ನಿಂಗ್ ಸರಿ, ಆದರೆ ವಾರದ ಹೆಸರು ಸೇರಿದರೆ ಆನ್ ಮಂಡೇ ಮಾರ್ನಿಂಗ್. ರಾತ್ರಿಗೆ ಸಾಮಾನ್ಯವಾಗಿ ಆಟ್ ನೈಟ್.

ವಾಹನದಲ್ಲಿ ಎದ್ದು ಓಡಾಡಬಹುದಾದರೆ ಆನ್ (ಬಸ್, ರೈಲು, ವಿಮಾನ). ಬಗ್ಗಿ ಕೂರಬೇಕಾದರೆ ಇನ್ (ಕಾರು, ಆಟೋ). ಬೈಕು ಮಾತ್ರ ಆನ್, ಅದರ ಮೇಲೆಯೇ ತಾನೇ ಕೂರುವುದು.

ಕೆಲವು ಕಡೆ ಎರಡೂ ಸರಿ. ಬ್ರಿಟಿಷರಿಗೆ ಆಟ್ ದ ವೀಕೆಂಡ್, ಅಮೆರಿಕನ್ನರಿಗೆ ಆನ್ ದ ವೀಕೆಂಡ್. ಅವಳ ಪಠ್ಯಪುಸ್ತಕ ಯಾವುದನ್ನು ಬಳಸುತ್ತದೋ ಅದನ್ನೇ ಬರೆಯಲಿ.

ಗುಡ್ ಆಟ್, ಡಿಪೆಂಡ್ ಆನ್, ಇಂಟರೆಸ್ಟೆಡ್ ಇನ್ ಇಂಥವಕ್ಕೆ ಈ ಲೆಕ್ಕ ಯಾವುದೂ ನಡೆಯದು. ಅವನ್ನು ಜೋಡಿಯಾಗಿಯೇ ಕಲಿಸಿ.